ಗುಡ್ಡೆ ನೀರಿನ ಪರೀಕ್ಷೆ

ಈ ಪಾಠಕ್ಕೆ ನಾನು ತೆತ್ತದ್ದು ಒಂದು ಸೈಕಲ್ಲು. ಅದನ್ನು ಮಾರಿ ಖಾಲಿ ಬಾಟಲಿ ಕೊಂಡಿದ್ದೆ. ಮೊನ್ನೆ ಬೇಲಿಯ ಲಕ್ಕಿ ಸೊಪ್ಪು ಕೈಗೆ ಉಜ್ಜಿ ಅದರ ಘಾಟು ಹೊಡೆದಾಗ ಎಲ್ಲ ನೆನಪಾಯಿತು. ನಿಮಗೆ ಬಿಟ್ಟಿಯಾಗಿಯೇ ಹೇಳುತ್ತೇನೆ, ಕೇಳಿ.

ಅರವತ್ತರ ದಶಕ, ಪಾನನಿರೋಧದ ಕಾಲ. ಕುಂದಾಪುರದಲ್ಲಿ ನನ್ನದೊಂದು ಅಂಗಡಿ. ಅಮಾಸೆಬೈಲಿನ ಸೀತಕ್ಕ ಕೊಡುತ್ತಿದ್ದ ಗಾಯದ ಮದ್ದಿಗೆ ಮರವಂತೆಯ ಮೀನುಗಾರರೂ ಹುಡುಕಿಕೊಂಡು ಹೋಗುತ್ತಿದ್ದರು. ಬಾಟಲಿಯಲ್ಲಿ ತುಂಬಿ ಮಾರಿದರೆ ನಾನು ಉದ್ಧಾರವಾದೆ ಎಂದುಕೊಂಡೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರುಂಟೇ? ಅವರಿಂದ ಗುಟ್ಟು ಹೊರಗೆಳೆದೆ.

“ಲಕ್ಕಿ ಸೊಪ್ಪ್, ಗುಡ್ಡಿ ನೀರ್. ಅರ್ದ್ ನೆನ್ಸಿಡೂದ್. ಮತ್ತೆಂತ ಇಲ್ಲ ಮಾರಾಯಾ” ಎಂದರು ಸೀತಕ್ಕ.

ಅಂಗಡಿ ಪಕ್ಕದಲ್ಲಿ ಬಾಡಿಗೆಗಿದ್ದ ಕಾಲೇಜಿನ ಮಾಷ್ಟ್ರು ಪರೀಕ್ಷೆಗೆ ಒಪ್ಪಿದರು. ಗಾಜಿನ ತಟ್ಟೆಯ ಲೋಳೆಯ ಮೇಲೆ ಕೀವಿನ ರೋಗಾಣು ಸವರಿ, ಎರಡು ಗುಳಿ ತೋಡಿ, ಒಂದಕ್ಕೆ ಸೀತಕ್ಕನ ಮದ್ದು, ಇನ್ನೊಂದಕ್ಕೆ ಬರೀ ನೀರು ಹಾಕಿದರು. ಮರುದಿನ ಮದ್ದಿನ ಗುಳಿಯ ಸುತ್ತ ಬಳೆಯಂಥ ತಿಳಿ ಜಾಗ: ಅಲ್ಲಿ ರೋಗಾಣು ಸತ್ತಿದ್ದವು! ಮಾಷ್ಟ್ರು ಕನ್ನಡಕ ಒರೆಸಿಕೊಳ್ಳುವುದರೊಳಗೆ ನಾನು ಅಚ್ಚುಕೂಟದಲ್ಲಿದ್ದೆ. ‘ಪರೀಕ್ಷಿಸಿದ ಮದ್ದು’ ಎಂದು ಚೀಟಿ ಹಾಕಿಸಿದೆ.

ಓದಿದವರಿಗೆ ಒಂದು ಸಲಕ್ಕೆ ಸಮಾಧಾನವಿಲ್ಲ. ಮಾಷ್ಟ್ರು ತಾವೇ ಮದ್ದು ಅರೆಯಲು ಹೊರಟರು. ನಾನೇ ಗುಡ್ಡೆ ಹತ್ತಿ ಒರತೆಯ ನೀರು ತಂದುಕೊಟ್ಟೆ. ಈ ಸಲ ಬಳೆ ಬೀಳಲೇ ಇಲ್ಲ. ಉಳಿದ ನೀರನ್ನು ಹೊತ್ತು ಸೀತಕ್ಕನಲ್ಲಿಗೆ ಓಡಿದೆ.

“ಹ್ವಾಯ್, ಇದ್ ಕುಡೂ ನೀರ್ ಅಲ್ದಾ!”

“ಗುಡ್ಡಿ ಮೇಲಿಂದ ನಾನೇ ತಂದದ್ದ್ ಅಕ್ಕ.”

“ಗುಡ್ಡಿ ನೀರ್ ಅಂದ್ರೆ ಭಟ್ಟಿ ಸಾರಾಯಿ! ಪೊಲೀಸ್ರ್ ಕೇಂಡ್ರೆ ಮತ್ತೆಂತ ಹೇಳ್ಕ್ ನಾನ್? ಪ್ಯಾಟಿಯರಿಗೆ ಇಷ್ಟೂ ಗೊತ್ತಿಲ್ಯಾ?”

ಲಕ್ಕಿಯ ಘಾಟಿನಲ್ಲಿ ಮಾಷ್ಟ್ರಿಗೆ ವಾಸನೆ ಹತ್ತಿರಲಿಲ್ಲ. ನನ್ನ ಮೂಗಂತೂ ನಶ್ಯಕ್ಕೆ ಮೀಸಲು. ಮಾಷ್ಟ್ರು ಮತ್ತೊಂದು ತಟ್ಟೆ ಸಿದ್ಧಮಾಡಿ, ನಾನು ಸೀತಕ್ಕನಿಂದ ತಂದ ಬರೀ ಸಾರಾಯಿ ಹಾಕಿದರು. ಬಳೆ ಬಿತ್ತು, ಅಷ್ಟೇ ಅಗಲ. ಪಾಪದ ಎಲೆ ಏನೂ ಮಾಡಿರಲಿಲ್ಲ. ವಿಜ್ಞಾನ ಮೆಚ್ಚಿದ್ದನ್ನು ಸರ್ಕಾರ ನಿಷೇಧಿಸಿತ್ತು. ಸಾರಾಯಿ ತುಂಬಿದರೆ ಜೈಲು, ನೀರು ತುಂಬಿದರೆ ಮದ್ದೇ ಅಲ್ಲ.

ಕೊನೆಯ ಚೌಕಾಸಿ ಮಾಡಿದೆ. “ಪರೀಕ್ಷೆ ಮಾಡಿದ್ದ್ ಹೌದಲ್ದಾ ಮಾಷ್ಟ್ರೇ? ಚೀಟಿಯೊಳ್ಗೆ ಸುಳ್ಳೆಂತ ಇತ್ತ್?”

“ಸುಳ್ಳಿಲ್ಲ. ಫೇಲಾಯ್ತು ಅಂತ್ಲೂ ಅಚ್ಚು ಹಾಕ್ಸಿ” ಎಂದರು.

ಚೀಟಿಗಳು ಬಚ್ಚಲೊಲೆಗೆ ಹೋದವು. ಬಾಟಲಿಗಳಲ್ಲಿ ತೆಂಗಿನೆಣ್ಣೆ ಮಾರಿದೆ.

ಆದ್ದರಿಂದ, ಯಾರಾದರೂ ಪರೀಕ್ಷಿಸಿದ ಮಾಲು ಎಂದರೆ ಪಾಸಾಯಿತೇ ಎಂದು ಕೇಳಿ. ಹೌದು ಎಂದರೆ, ಅದರೊಳಗಿನ ಯಾವುದು ಪಾಸಾಯಿತು ಎಂದು ಕೇಳಿ. ಉತ್ತರ ಬರುವ ತನಕ ಕೈ ಕಿಸೆಯಲ್ಲೇ ಇರಲಿ.