ಬಡಿಸುವವಳ ಪಾಲು

“ಅಕ್ಕೋರೇ, ಇವ್ಳು ಉಣ್ಣೂದು ಯಾವಾಗ?” ಚಿತ್ರಪುಸ್ತಕದಲ್ಲಿ ಎಲ್ಲರಿಗೂ ಬಡಿಸುತ್ತ ನಿಂತ ತಾಯಿಯ ಮೇಲೆ ಬೆರಳಿಟ್ಟು ಮೂರನೇ ತರಗತಿಯ ನಾಗವೇಣಿ ಕೇಳಿದಳು. ಭಾವಿಕೇರಿಯ ನಮ್ಮ ಜಗುಲಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಚಿತ್ರ ತೋರಿಸಿ ಕತೆ ಬರೆಸುತ್ತೇನೆ. ಬೋರ್ಡಿನಲ್ಲಿದ್ದುದನ್ನು ಅಂದವಾಗಿ ನೋಡಿ ಬರೆಯುವ ಈ ಹುಡುಗಿ ಸ್ವಂತದ್ದೆಂದು ಒಂದು ಸಾಲೂ ಬರೆದವಳಲ್ಲ.

“ನಂಗೇನ್ ಗೊತ್ತು ಮಾರಾಯ್ತಿ? ನೀನೇ ಬರಿ ನೋಡ್ವಾ,” ಎಂದೆ.

ಪೆನ್ಸಿಲ್ ಕಚ್ಚುತ್ತ ಕೂತಳು. ನಾನು ದೇವರಿಗೆ ದೀಪ ಹಚ್ಚಿ ಬರುವಷ್ಟರಲ್ಲಿ ಬರೆದು ಮುಗಿಸಿದ್ದಳು: ‘ಎಲ್ಲರ ಊಟ ಆಯಿತು. ಅಮ್ಮನಿಗೆ ಒಂದು ಬಂಗಡೆ ಉಳಿದಿದೆ. ನಾನೇ ತೆಗೆದಿಟ್ಟೆ.’

ಮೂವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವಳು ನಾನು. ಆ ಹಾಳೆಯನ್ನು, ಬಂಗಡೆ ಮೀನಿನ ಹೆಸರಿದ್ದರೂ, ದೇವರ ಗೂಡಿನಲ್ಲೇ ಇಟ್ಟಿದ್ದೇನೆ. ಅವನು ಬೇಸರಿಸಲಾರ.