ಬಾವಿಯ ಸಾಲಿಗೆ ಬಾರದ ಉತ್ತರ

ದೆವ್ವ ಭೂತದ ಕಥೆ ಹೇಳುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. "ನೀವೇ ಕಂಡಿರೋ, ಕಂಡವರು ಹೇಳಿದ್ದನ್ನು ಕೇಳಿದಿರೋ?" ಎಂದು ಪಾಟೀಸವಾಲು ಹಾಕಿದರೆ ಅರ್ಧ ಮಂದಿ ಅಲ್ಲೇ ತಣ್ಣಗಾಗುತ್ತಿದ್ದರು. ನನ್ನ ಈ ಸ್ವಭಾವ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಆದರೆ ಎಪ್ಪತ್ತರ ದಶಕದ ಒಂದು ಸಂಜೆ ನೆನಪಾದರೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮುಂಬಯಿಯ ಉಪನಗರಗಳಲ್ಲಿ ಬಾವಿ, ಕೆರೆಗಳ ನೀರು ಎಷ್ಟು ಕೆಟ್ಟಿದೆ ಎಂದು ಅಳೆಯುವ ಯೋಜನೆಯೊಂದರಲ್ಲಿ ನಾನು ಸಹಾಯಕಿಯಾಗಿದ್ದೆ. ನೀರು ತರುವವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಬಂದ ಅಂಕಿಗಳನ್ನು ಹೇಗೆ ಬರೆಯಬೇಕು, ಯಾರು ತಾಳೆ ನೋಡಬೇಕು, ನಕಲು ಎಲ್ಲೆಲ್ಲಿ ಇಡಬೇಕು ಎಂಬುದನ್ನೆಲ್ಲ ಗೊತ್ತುಮಾಡುವ ಕೆಲಸ ನನ್ನದು. ಮೊದಲ ಸೀಸೆ ತುಂಬುವ ಮುಂಚೆಯೇ ನಾನು ಇದನ್ನು ಬರೆದಿಟ್ಟಾಗ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಳು ಎಂದು ನಕ್ಕವರೇ ಹೆಚ್ಚು. ನಗಲಿ ಬಿಡಿ! ಒಂದು ವರ್ಷದ ಅಂಕಿ ಕಳೆದುಹೋದರೆ ಆ ವರ್ಷದ ನೀರನ್ನು ಇವರು ಮತ್ತೆ ಎಲ್ಲಿಂದ ತರುತ್ತಿದ್ದರು?

ನನ್ನ ನಿಯಮಗಳಲ್ಲಿ ಒಂದು ಹೀಗಿತ್ತು. ನಕಲು ತೆಗೆದ ಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ಸಾಲುಸಾಲಿಗೂ "ಬರೋಬರ್", ಅಂದರೆ ಸರಿಯಾಗಿದೆ, ಎನ್ನಬೇಕು. ಆ ಮಾತು ಬರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ನನಗೆ ಜೋಡಿಯಾಗಿದ್ದವನು ಬಿಜಾಪುರದ ಕಡೆಯ ಮೆಹಬೂಬ, ನನ್ನಂತೆಯೇ ಸಹಾಯಕ. ಗ್ರಾಂಟ್ ರೋಡಿನ ನಮ್ಮ ಕೋಣೆಯಲ್ಲಿ ನಾನು ಕಿಟಕಿಯತ್ತ ಮುಖ ಮಾಡಿ ಓದುತ್ತಿದ್ದೆ, ಅವನು ನನ್ನ ಬೆನ್ನ ಹಿಂದಿನ ಮೇಜಿನಿಂದ ಉತ್ತರ ಕೊಡುತ್ತಿದ್ದ.

ಅಂದು ಸಂಜೆ ನಕಲು ದಾದರ್ ಆಫೀಸಿಗೆ ಹೋಗಬೇಕಿತ್ತು. ನಾನು ಒಂದೇ ಸಮನೆ ಓದುತ್ತಿದ್ದೆ, ಹಿಂದಿನಿಂದ ಬರೋಬರ್, ಬರೋಬರ್ ಎಂದು ಬರುತ್ತಿತ್ತು. ಹಾಳೆ ತಿರುವಿ ಕಾಂದಿವಲಿಯ ಒಂದು ಚಾಳಿನ, ಅಂದರೆ ವಠಾರದ, ಬಾವಿಗೆ ಬಂದೆ. ಆ ಚಾಳಿನಲ್ಲಿ ನನ್ನ ಅಕ್ಕನ ಮನೆ ಇತ್ತು. ಅವಳು ದಿನ ತುಂಬಿದ ಬಸುರಿ. ಬೇಸಿಗೆಗೆ ನಲ್ಲಿ ಬತ್ತಿದಾಗ ಅವರಿಗೆಲ್ಲ ಆ ಬಾವಿಯೇ ಗತಿ. ಅಂಕಿ ಚೆನ್ನಾಗಿದೆ, ಧೈರ್ಯವಾಗಿ ಕುಡಿ ಎಂದು ಅವಳಿಗೆ ನಾನೇ ಹೇಳಿದ್ದೆ.

ಆ ಸಾಲು ಓದಿದೆ. ಉತ್ತರ ಬರಲಿಲ್ಲ. ಮತ್ತೆ ಓದಿದೆ. ಇಲ್ಲ. "ಏನಪಾ ಮೆಹಬೂಬ, ನಿದ್ದಿ ಹತ್ತಿತೇನು?" ಎಂದು ತಿರುಗಿದೆ.

ಕುರ್ಚಿ ಖಾಲಿ ಇತ್ತು. ಕೋಣೆಯಲ್ಲಿ ನನ್ನ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ನಾನು ಹಾಗೇ ನಿಂತಿರುವಾಗ ಮೆಹಬೂಬ ಚಹಾದ ಗ್ಲಾಸು ಹಿಡಿದು ಮೆಟ್ಟಿಲು ಹತ್ತಿ ಬಂದ. ಯಾವಾಗ ಹೋದೆ ಎಂದು ಕೇಳಿದೆ.

"ನೀವು ಓದಾಕ ಶುರು ಮಾಡಿದಾಗನ ಹೇಳಿ ಹೋದ್ನೆಲ್ರೀ ಬಾಯಾರ. ಕೆಳಗ ಗದ್ದಲ ಭಾಳ ಇತ್ತು, ತಡಾ ಆತು. ಯಾಕ್ರೀ, ಮಾರಿ ಹಿಂಗ್ಯಾಕ ಆಗೈತಿ?"

ಹಾಗಾದರೆ ಇಡೀ ಹಾಳೆಗೆ ಉತ್ತರ ಕೊಟ್ಟವರು ಯಾರು? ದನಿ ಗಂಡಸಿನದೋ ಹೆಂಗಸಿನದೋ ಎಂದು ಕೇಳಿದರೆ ಹೇಳಲಾರೆ, ಅದರ ಕಡೆ ನನ್ನ ಲಕ್ಷ್ಯವೇ ಇರಲಿಲ್ಲ. ಬೀದಿಯಿಂದ ಬಂದದ್ದಲ್ಲ, ಬೆನ್ನ ಹಿಂದಿನಿಂದ ಬಂದದ್ದು ಎಂಬುದಷ್ಟು ಖಂಡಿತ.

ಆಗ ತಲೆಗೆ ಹೊಳೆದದ್ದು ಒಂದೇ: ಆ ಬಾವಿಯ ಅಂಕಿ ತಪ್ಪಿದೆ, ಅಕ್ಕ ಕೆಟ್ಟ ನೀರು ಕುಡಿಯುತ್ತಿದ್ದಾಳೆ. ನಕಲು ಕಳಿಸಬೇಡ ಎಂದು ಮೆಹಬೂಬನಿಗೆ ಹೇಳಿ, ಒಂದು ಖಾಲಿ ಸೀಸೆ ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿಗೆ ಓಡಿದೆ. ಲೋಕಲ್ಲಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಅಂಧೇರಿ ದಾಟಿದ್ದೇ ಗಾಡಿ ನಿಂತುಬಿಟ್ಟಿತು. ಸುಮ್ಮನೆ ಹುಚ್ಚಿಯ ಹಾಗೆ ಹೊರಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಗಾಡಿಯಿಂದ ಹಾರಿ ಹಳಿಯ ಮೇಲೆ ಓಡಲೇ ಎನ್ನಿಸುತ್ತಿತ್ತು.

ಚಾಳು ಬಿಕೋ ಎನ್ನುತ್ತಿತ್ತು. ಅಪರೂಪಕ್ಕೆ ನೀರಿನ ಟ್ಯಾಂಕರ್ ಬಂದಿದೆಯೆಂದು ಹೆಂಗಸರೆಲ್ಲ ಕೊಡ ಹಿಡಿದು ಗಲ್ಲಿಯ ತುದಿಗೆ ಹೋಗಿದ್ದರು. ಭಾವ ಕಾರ್ಖಾನೆಯಲ್ಲಿದ್ದ. ಬಾಗಿಲು ತಳ್ಳಿದೆ. ಅಕ್ಕ ಒಳಗಿನ ಬಚ್ಚಲ ಮೋರಿಯ ಹತ್ತಿರ ಬಿದ್ದಿದ್ದಳು. ಸೀರೆಯೆಲ್ಲ ರಕ್ತವಾಗಿತ್ತು, ಕಣ್ಣು ತೆರೆದೇ ಇತ್ತು. ನಾನು ಚಿಟ್ಟನೆ ಚೀರಿದೆ. ಜನ ಓಡಿಬಂದು ಟ್ಯಾಕ್ಸಿ ತಂದರು. ಇನ್ನಷ್ಟು ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ಭಾವನಿಗೆ ಹೇಳಿದರು. ಹೆಣ್ಣು ಮಗು ಹುಟ್ಟಿತು.

ಎರಡು ಜೀವ ಉಳಿದ ಮೇಲೆ ನನ್ನ ಹಳೆಯ ಚಾಳಿ ಮತ್ತೆ ತಲೆ ಎತ್ತಿತು. ಆ ಬಾವಿಯ ನೀರನ್ನು ನಾನೇ ಸೇದಿ ತಂದು ಪರೀಕ್ಷೆ ಮಾಡಿಸಿದೆ. ನೀರು ಚೆನ್ನಾಗಿಯೇ ಇತ್ತು. ಮೂಲ ನೋಡಿದೆ, ನಕಲು ನೋಡಿದೆ, ಎಲ್ಲೂ ತಪ್ಪಿರಲಿಲ್ಲ. ಆ ಸಾಲು ಮೊದಲಿನಿಂದಲೂ ಸರಿಯಾಗಿಯೇ ಇತ್ತು. ನಾನು ಓಡಿಹೋದ ಕಾರಣವೇ ಸುಳ್ಳಾಗಿತ್ತು.

ಅಕ್ಕನಿಗೆ ಈ ಮಾತು ಹೇಳಲೋ ಬೇಡವೋ ಎಂದು ಅನುಮಾನಿಸುತ್ತಿದ್ದೆ. ಒಂದು ದಿನ ಕೂಸಿಗೆ ಹಾಲೂಡಿಸುತ್ತಾ ಅವಳೇ ಶುರು ಮಾಡಿದಳು.

"ಅವತ್ತ ಬಿದ್ದಾಗ ನಿನ್ನ ಹೆಸರ ಹಿಡದು ಒದರಬೇಕಂತ ಬಾಯಿ ತಗದ್ನೆವಾ. ಏನ ಮಾಡಿದ್ರೂ ದನೀನ ಹೊಂಡವಲ್ದು. ಮುಗೀತು ನನ್ನ ಕತಿ ಅನಕೊಂಡೆ. ನಿನಗ ಯಾರ ಹೇಳಿದ್ರ ತಂಗಿ?"

ನನಗೆ ಅಳು ಒತ್ತರಿಸಿ ಬಂತು. ಅವಳ ಕಾಲು ಹಿಡಿದುಕೊಂಡು ಕೂತೆ.

"ಯಾರೂ ಏನೂ ಹೇಳಲಿಲ್ಲ ಅಕ್ಕಾ. ಅದಕ್ಕ ಓಡಿ ಬಂದ್ನಿ."

ಇದಕ್ಕಿಂತ ಹೆಚ್ಚಿನ ವಿವರಣೆ ನನ್ನ ಹತ್ತಿರ ಇವತ್ತಿಗೂ ಇಲ್ಲ.