ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅತ್ತೆ ಆರಿಸಿದ ಸೀರೆ

ಆ ವರ್ಷ ದೀಪಾವಳಿಯೂ ರಂಜಾನೂ ಒಂದರ ಬೆನ್ನಿಗೊಂದು ಬಂದಿದ್ದವು. ನಾವಾಗ ಇಂದಿರಾನಗರದಲ್ಲಿ ಬಾಡಿಗೆಗಿದ್ದೆವು. ಹಬ್ಬಕ್ಕೆ ದಾವಣಗೆರೆಯಲ್ಲಿದ್ದ ನಾದಿನಿಗೆ ಸೀರೆ ಕಳಿಸಬೇಕಿತ್ತು. ಇಂಟರ್‌ನೆಟ್‌ನಲ್ಲಿ ಸಾಮಾನು ಕೊಳ್ಳುವುದು ಆಗಷ್ಟೇ ಶುರುವಾಗಿದ್ದ ಕಾಲ. ನನ್ನ ಗಂಡ ಅತ್ತೆಯನ್ನು ಕಂಪ್ಯೂಟರ್ ಮುಂದೆ ಕೂರಿಸಿ, "ಅಮ್ಮ, ಇಲ್ಲೇ ಆರಿಸು. ಸೀದಾ ಅವಳ ಮನೆಗೇ ಹೋಗುತ್ತೆ" ಎಂದರು.

ಅತ್ತೆ ಪರದೆಯ ಮೇಲಿನ ಸೀರೆಯನ್ನು ಬೆರಳಿನಿಂದ ಸವರಿದರು. "ಬರೀ ಗಾಜು ಸಿಗ್ತೈತಲ್ಲೋ! ಬಟ್ಟೆ ಹೆಂಗೈತಿ ಅಂತ ಹೆಂಗ್ ತಿಳೀಬೇಕು?" ಎಂದು ಎದ್ದುಬಿಟ್ಟರು. ನನಗೂ ಅದೇ ಬೇಕಿತ್ತು. ಜನ ತುಂಬಿದ ಬೀದಿಯಲ್ಲಿ ನುಗ್ಗಾಡಿಕೊಂಡು ಹತ್ತು ಅಂಗಡಿ ಹತ್ತಿಳಿಯದೆ ನನಗೆ ಹಬ್ಬ ಬಂತು ಅನ್ನಿಸುವುದೇ ಇಲ್ಲ.

ಶನಿವಾರ ಮಧ್ಯಾಹ್ನ ಅತ್ತೆ, ಸೊಸೆ ಇಬ್ಬರೂ ಶಿವಾಜಿನಗರದ ಬಸ್ಸು ಹತ್ತಿದೆವು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಅತ್ತೆಗೆ ಸಾಸಿವೆ ಬಣ್ಣದ ಸೀರೆ ಹಿಡಿಸಿತು. ಅಂಗಡಿಯವರು ಅದನ್ನು ನನ್ನ ಹೆಗಲ ಮೇಲೆ ಹರಡಿದರು. ಅತ್ತೆಗೆ ಸಮಾಧಾನವಾಗಲಿಲ್ಲ. ನಾದಿನಿ ಕೃಷ್ಣವರ್ಣದ ಎತ್ತರದ ಹೆಂಗಸು. ನಾನು ಬಿಳುಚು ಗಿಡ್ಡಿ.

ಪಕ್ಕದಲ್ಲೇ ಚೂಡಿದಾರ್ ಬಟ್ಟೆ ನೋಡುತ್ತ ಎತ್ತರದ ಹೆಂಗಸೊಬ್ಬರು ನಿಂತಿದ್ದರು. ತಲೆಯ ಮೇಲೆ ದುಪಟ್ಟಾ. ನಾನು ತಡೆಯುವಷ್ಟರಲ್ಲಿ ಅತ್ತೆ ಸೀರೆಯ ಸೆರಗನ್ನು ಅವರ ಹೆಗಲಿಗೆ ಹೊದಿಸಿಯೇಬಿಟ್ಟರು.

"ಸ್ವಲ್ಪ ಅಲ್ಲಾಡಬ್ಯಾಡವ್ವ. ನನ್ನ ಮಗಳು ಥೇಟ್ ನಿನ್ನಂಗೇ ಅದಾಳ."

ನಾನು ನಾಚಿಕೆಯಿಂದ "ಸಾರಿ ಕಣ್ರೀ" ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಕನ್ನಡಿಯ ಮುಂದೆ ಹೋಗಿ ತಿರುಗಿ ತೋರಿಸಿ, "ಅರೆ, ಇದು ಬೇಡ ಅಮ್ಮಾ, ಮುಖ ಡಲ್ ಆಗುತ್ತೆ. ಆ ಹಸಿರು ಹಾಕಿ ನೋಡಿ" ಎಂದರು. ಹಸಿರು ಎದ್ದು ಕಾಣಿಸಿತು. ಅತ್ತೆ ಅಲ್ಲೇ ಕಟ್ಟಿಸಿದರು.

ಆಮೇಲೆ ಆಕೆ ಅತ್ತೆಯ ಕಾಲನ್ನೇ ನೋಡುತ್ತ ಕೇಳಿದರು: "ಅಮ್ಮಾ, ನಂಗೂ ಒಂದು ಹೆಲ್ಪ್ ಮಾಡ್ತೀರಾ? ನಮ್ಮ ಅಮ್ಮೀಗೆ ಮಂಡಿನೋವು, ಬರಕ್ಕಾಗಲ್ಲ. ಅವರ ಪಾದಾನೂ ನಿಮ್ಮ ಥರಾನೇ ಅಗಲ. ಹಬ್ಬಕ್ಕೆ ಚಪ್ಪಲಿ ತಗೋಬೇಕು."

ಅತ್ತೆ ಹಿಗ್ಗಿಹೋದರು. ಎದುರಿನ ಚಪ್ಪಲಿ ಅಂಗಡಿಗೆ ನುಗ್ಗಿ, ಒಂದೊಂದೇ ಜೊತೆ ಮೆಟ್ಟಿಕೊಂಡು, ಸೆರಗು ಸಿಕ್ಕಿಸಿ ಆ ತುದಿಯಿಂದ ಈ ತುದಿಗೆ ಓಡಾಡಿದರು. "ಇದು ಹೆಬ್ಬೆರಳಿಗೆ ಒತ್ತತೈತಿ, ನಿಮ್ಮ ತಾಯಿಗೂ ಒತ್ತತೈತಿ, ಬ್ಯಾಡ." "ಇದು ಜಾರ್ತೈತಿ." ಕೊನೆಗೆ ಕಂದು ಬಣ್ಣದ ಮೆತ್ತನೆಯ ಜೊತೆಯೊಂದು ಪಾಸಾಯಿತು.

ಇಷ್ಟೆಲ್ಲ ನಡೆದು ಅತ್ತೆಯ ಗಂಟಲು ಒಣಗಿತ್ತು. "ಬಾರವ್ವ, ಕಾಫಿ ಕುಡಿಯೋಣ" ಎಂದು ಕರೆದರು.

"ನಂಗೆ ಉಪವಾಸ ಅಮ್ಮಾ. ನೀವು ಕುಡೀರಿ, ನಾನು ಜೊತೇಲಿ ಕೂತಿರ್ತೀನಿ."

"ನಿನ್ನ ಮುಂದ ನಾ ಹೆಂಗ್ ಕುಡೀಲಿ? ಎಷ್ಟೊತ್ತಿಗೆ ಬಿಡ್ತೀ?"

ಹೊತ್ತು ಮುಳುಗುವುದಕ್ಕೆ ಇನ್ನೇನು ಸ್ವಲ್ಪವೇ ಸಮಯವಿತ್ತು. ಮೂವರೂ ಅಂಗಡಿಯ ಬೆಂಚಿನ ಮೇಲೆ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆವು. ಆಕೆ ಪುಲಿಕೇಶಿನಗರದ ಶಾಲೆಯೊಂದರಲ್ಲಿ ಟೀಚರಂತೆ. ಆಕೆಯ ಅಮ್ಮೀಗೆಂದು ಅತ್ತೆ ಮಂಡಿನೋವಿನ ಮನೆಮದ್ದು ಹೇಳಿದರು. ಆಜಾನ್ ಕೇಳಿಸಿತು. ಚಪ್ಪಲಿ ಅಂಗಡಿಯವರು ತಟ್ಟೆಯಲ್ಲಿ ಖರ್ಜೂರ ತಂದು ಎಲ್ಲರ ಮುಂದೆ ಹಿಡಿದರು. ಉಪವಾಸವಿದ್ದ ಆಕೆ ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದರೆ, ಅತ್ತೆ ಆಗಲೇ ಎರಡನೆಯ ಖರ್ಜೂರಕ್ಕೆ ಕೈಹಾಕಿದ್ದರು! ಆಕೆ ಕಣ್ಣುಬಿಟ್ಟು ನೋಡಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹಬ್ಬದ ದಿನ ನಾದಿನಿ ಫೋನ್ ಮಾಡಿದಳು. "ಬಣ್ಣ ಎಷ್ಟು ಚಲೋ ಒಪ್ಪೈತವ್ವ! ನಾನಿಲ್ಲದೇ ಹೆಂಗ್ ಆರಿಸಿದಿ?"

"ನೀನೂ ಇದ್ದೆ ಬಿಡವ್ವ" ಎಂದು ಅತ್ತೆ ಕಥೆ ಹೇಳಲು ಕುಳಿತರು. ಒಲೆಯ ಮೇಲಿದ್ದ ಹೋಳಿಗೆ ಹೊತ್ತಿದ ವಾಸನೆ ಬಂದು ನಾನೇ ಅಡುಗೆಮನೆಗೆ ಓಡಬೇಕಾಯಿತು.